ಲಿನಕ್ಸ್ ಗಣಕದ ಪ್ರೊಸೆಸರ್ ಬಿಸಿ: ಅಳೆಯುವ ಬಗೆ, ಓದುವ ಬಗೆ

ಗಣಕದ ಪ್ರೊಸೆಸರ್ ತಾನು ಬಳಸುವ ವಿದ್ಯುತ್ತನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವನ್ನಾಗಿ ಪರಿವರ್ತಿಸುತ್ತದೆ. 65 ವ್ಯಾಟ್‌ನ ಸಾಧಾರಣ ಪ್ರೊಸೆಸರ್ ಪೂರ್ಣ ಕೆಲಸದಲ್ಲಿ ತೊಡಗಿದಾಗ, ಉಗುರಿನಷ್ಟು ಅಗಲದ ಸಿಲಿಕಾನ್ ತುಂಡೊಂದು ಹಳೆಯ 60 ವ್ಯಾಟ್ ಬಲ್ಬಿನಷ್ಟು ಶಾಖವನ್ನು ಹೊರಚೆಲ್ಲುತ್ತಿರುತ್ತದೆ. ಈ ಶಾಖವು ಹೀಟ್‌ಸಿಂಕಿಗೆ, ಅಲ್ಲಿಂದ ಫ್ಯಾನಿನ ಗಾಳಿಗೆ, ಕೊನೆಗೆ ಕೋಣೆಗೆ ಹರಿದುಹೋಗಬೇಕು. ಈ ಹಾದಿಯಲ್ಲಿ ಎಲ್ಲಿಯೇ ತಡೆಯುಂಟಾದರೂ ಅದರ ಸುಳಿವು ಮೊದಲು ದೊರೆಯುವುದು ಪ್ರೊಸೆಸರಿನ ಉಷ್ಣಾಂಶದಲ್ಲಿ.

ಲಿನಕ್ಸ್ ಹಾಗೂ ಯುನಿಕ್ಸ್ ಕುಲದ ಇತರ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಈ ಉಷ್ಣಾಂಶವನ್ನು ನೋಡುವುದು ಕಷ್ಟದ ಕೆಲಸವಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಒಂದೇ ಆದೇಶ ಸಾಕು. ಕಷ್ಟವಿರುವುದು ಕಂಡ ಅಂಕಿಯನ್ನು ಅರ್ಥಮಾಡಿಕೊಳ್ಳುವುದರಲ್ಲಿ. ಪರದೆಯ ಮೇಲೆ ಕಾಣುವ '62 ಡಿಗ್ರಿ' ಎಂಬುದು ಜ್ವರಮಾಪಕ ತೋರಿಸುವ ಅಂಕಿಯಂಥದ್ದಲ್ಲ. ಅದು ಯಾವ ಸಂವೇದಕದಿಂದ ಬಂದಿತು, ಯಾವ ಲೆಕ್ಕಾಚಾರದ ಮೂಲಕ ಬಂದಿತು ಎಂಬುದನ್ನು ಅನುಸರಿಸಿ ಅದರ ಅರ್ಥವೂ ಬೇರೆಯಾಗುತ್ತದೆ. ಇದನ್ನು ತಿಳಿಯದೆ ಸುಮ್ಮನೆ ಗಾಬರಿಗೊಂಡವರೂ ಇದ್ದಾರೆ, ಗಾಬರಿಗೊಳ್ಳಬೇಕಾದಾಗ ನಿಶ್ಚಿಂತೆಯಿಂದ ಕುಳಿತವರೂ ಇದ್ದಾರೆ.

(ಈ ಲೇಖನದಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಆದೇಶಗಳನ್ನೂ ಕಡತಗಳ ಹೆಸರುಗಳನ್ನೂ ಗಣಕದಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.)

ಸುಡುವ ಭಯ ಹೋಯಿತು, ನಿಧಾನವಾಗುವ ತೊಂದರೆ ಬಂದಿತು

2001ರ ಸೆಪ್ಟೆಂಬರಿನಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಅಂತರಜಾಲ ತಾಣವು ಒಂದು ಪ್ರಯೋಗದ ಚಿತ್ರಿಕೆಯನ್ನು ಪ್ರಕಟಿಸಿತು. ಕೆಲಸ ಮಾಡುತ್ತಿರುವ ಗಣಕದ ಪ್ರೊಸೆಸರಿನ ಮೇಲಿಂದ ಹೀಟ್‌ಸಿಂಕನ್ನು ಕಿತ್ತುಬಿಡುವುದು, ಮುಂದೇನಾಗುತ್ತದೆ ಎಂದು ನೋಡುವುದು, ಇಷ್ಟೇ ಪ್ರಯೋಗ. ಎಎಂಡಿ ಸಂಸ್ಥೆಯ ಅಥ್ಲಾನ್ ಪ್ರೊಸೆಸರ್ ನೋಡನೋಡುತ್ತಿದ್ದಂತೆ ಹೊಗೆಯಾಡಿ ಸುಟ್ಟುಹೋಯಿತು. ಇಂಟೆಲ್‌ನ ಪೆಂಟಿಯಂ 3 ಸ್ತಬ್ಧವಾಯಿತು, ಆದರೆ ಉಳಿದುಕೊಂಡಿತು. ಪೆಂಟಿಯಂ 4 ಮಾತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಕುಂಟುತ್ತ ಓಡುತ್ತಲೇ ಇತ್ತು.

ಅಂದು ಪೆಂಟಿಯಂ 4 ತೋರಿದ ಗುಣ ಇಂದು ಎಲ್ಲ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿಯೂ ಇದೆ. ಉಷ್ಣಾಂಶವು ನಿಗದಿತ ಮಿತಿಯನ್ನು ಮುಟ್ಟಿದೊಡನೆ ಪ್ರೊಸೆಸರ್ ತನ್ನ ವೇಗವನ್ನೂ ವೋಲ್ಟೇಜನ್ನೂ ಇಳಿಸಿಕೊಳ್ಳುತ್ತದೆ. ಇದನ್ನು ಥ್ರಾಟ್ಲಿಂಗ್ ಎನ್ನುತ್ತಾರೆ. ಅಷ್ಟಕ್ಕೂ ಬಿಸಿ ಇಳಿಯದಿದ್ದರೆ ಗಣಕವೇ ಆರಿಹೋಗುತ್ತದೆ. ಆದ್ದರಿಂದ ಬಿಸಿಯಿಂದ ಪ್ರೊಸೆಸರ್ ಸುಟ್ಟುಹೋಗುವುದು ಈಗ ಬಲು ಅಪರೂಪ. ಆದರೆ ಈ ರಕ್ಷಣೆ ಸದ್ದಿಲ್ಲದೆ ನಡೆಯುತ್ತದೆ. ಗಣಕದ ಒಡೆಯನಿಗೆ ತಿಳಿಯುವುದು ಯಂತ್ರ ಮಂದವಾಗಿದೆ ಎಂಬುದಷ್ಟೇ. 'ಹಳೆಯದಾಯಿತು, ಬದಲಾಯಿಸೋಣ' ಎಂದು ಹೊಸ ಗಣಕಕ್ಕೆ ಹಣ ಹೊಂದಿಸುವವರು, ಆಗಾಗ ಆರಿಹೋಗುತ್ತದೆಂದು ಎಸ್‌ಎಂಪಿಎಸ್ ಬದಲಾಯಿಸುವವರು ಹಲವರು. ಇಂಥ ಎಷ್ಟೋ ಯಂತ್ರಗಳಲ್ಲಿ ನಿಜವಾದ ರೋಗವೆಂದರೆ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಹತ್ತಿಯಂತೆ ಕಟ್ಟಿಕೊಂಡ ಧೂಳು. ಉಷ್ಣಾಂಶವನ್ನು ಗಮನಿಸುವುದರ ಪ್ರಯೋಜನ ಇರುವುದು ಇಲ್ಲಿಯೇ.

ಎಲ್‌ಎಂ-ಸೆನ್ಸರ್ಸ್

ಲಿನಕ್ಸ್‌ನಲ್ಲಿ ಈ ಕೆಲಸಕ್ಕೆಂದೇ ಇರುವ ತಂತ್ರಾಂಶ ಎಲ್‌ಎಂ-ಸೆನ್ಸರ್ಸ್. 1998ರಲ್ಲಿ ಆರಂಭವಾದ ಯೋಜನೆಯಿದು. ಹೆಸರಿನ ಮೊದಲಿಗಿರುವ 'ಎಲ್‌ಎಂ' ಬಂದಿರುವುದು ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯ ಎಲ್‌ಎಂ75, ಎಲ್‌ಎಂ78 ಎಂಬ ಚಿಪ್‌ಗಳಿಂದ. ಆ ಕಾಲದ ಮದರ್‌ಬೋರ್ಡ್‌ಗಳಲ್ಲಿ ಉಷ್ಣಾಂಶ, ವೋಲ್ಟೇಜ್ ಹಾಗೂ ಫ್ಯಾನಿನ ವೇಗವನ್ನು ಅಳೆಯುತ್ತಿದ್ದ ಚಿಪ್‌ಗಳವು. ಆ ಸಂಸ್ಥೆ 2011ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಾಲಾಯಿತು. ಹೆಸರು ಮಾತ್ರ ತಂತ್ರಾಂಶದಲ್ಲಿ ಉಳಿದುಕೊಂಡಿದೆ.

ಡೆಬಿಯನ್, ಉಬುಂಟು ಮೊದಲಾದ ವಿತರಣೆಗಳಲ್ಲಿ 'ಸುಡೊ ಆಪ್ಟ್ ಇನ್‌ಸ್ಟಾಲ್ ಎಲ್‌ಎಂ-ಸೆನ್ಸರ್ಸ್' ಎಂಬ ಆದೇಶದಿಂದ ಇದನ್ನು ಅನುಸ್ಥಾಪಿಸಿಕೊಳ್ಳಬಹುದು. ಬಳಿಕ ಟರ್ಮಿನಲ್ ಕಿಟಕಿಯಲ್ಲಿ 'ಸೆನ್ಸರ್ಸ್' ಎಂದು ಟೈಪ್ ಮಾಡಿದರೆ ಲಭ್ಯವಿರುವ ಎಲ್ಲ ಸಂವೇದಕಗಳ ಪಟ್ಟಿ ಮೂಡುತ್ತದೆ. ಇಂಟೆಲ್ ಪ್ರೊಸೆಸರಾಗಿದ್ದರೆ 'ಕೋರ್‌ಟೆಂಪ್', ಎಎಂಡಿಯಾಗಿದ್ದರೆ 'ಕೆ10ಟೆಂಪ್' ಎಂಬ ಚಾಲಕ ತಂತ್ರಾಂಶದ ಹೆಸರಿನಡಿ ಅಂಕಿಗಳು ಕಾಣುತ್ತವೆ. ಇಂದಿನ ಕರ್ನೆಲ್‌ಗಳು ಇವೆರಡನ್ನೂ ಸಾಮಾನ್ಯವಾಗಿ ತಾವಾಗಿಯೇ ಸಿದ್ಧಪಡಿಸಿಕೊಂಡಿರುತ್ತವೆ. ಹೀಗಾಗಿ ಪ್ರೊಸೆಸರಿನ ಬಿಸಿಯನ್ನಷ್ಟೇ ನೋಡಬೇಕಾದವರು ಇದಕ್ಕಿಂತ ಮುಂದೆ ಹೋಗುವ ಅಗತ್ಯವಿಲ್ಲ.

ಫ್ಯಾನಿನ ವೇಗ, ಮದರ್‌ಬೋರ್ಡಿನ ಉಷ್ಣಾಂಶ ಇತ್ಯಾದಿಗಳೂ ಬೇಕೆಂದಾದರೆ 'ಸೆನ್ಸರ್ಸ್-ಡಿಟೆಕ್ಟ್' ಎಂಬ ಇನ್ನೊಂದು ಆದೇಶವನ್ನು ನಿರ್ವಾಹಕನ ಅಧಿಕಾರದಲ್ಲಿ ನಡೆಸಬೇಕು. ಅದು ಮದರ್‌ಬೋರ್ಡಿನಲ್ಲಿ ಯಾವ ಚಿಪ್ ಇದೆಯೆಂದು ಹುಡುಕುತ್ತ ಒಂದೊಂದಾಗಿ ಪ್ರಶ್ನೆ ಕೇಳುತ್ತದೆ. ಪ್ರತಿ ಪ್ರಶ್ನೆಗೂ ಅದೇ ಸೂಚಿಸಿರುವ ಉತ್ತರವನ್ನು ಎಂಟರ್ ಕೀಲಿ ಒತ್ತಿ ಒಪ್ಪಿಕೊಳ್ಳುವುದು ಕ್ಷೇಮ. ಈ ಎಚ್ಚರಿಕೆ ಬರಿಯ ಔಪಚಾರಿಕ ಮಾತಲ್ಲ. ಈ ಯೋಜನೆಯ ಆರಂಭದ ವರ್ಷಗಳಲ್ಲಿ ಐಬಿಎಂನ ಕೆಲವು ಥಿಂಕ್‌ಪ್ಯಾಡ್ ಗಣಕಗಳಲ್ಲಿ ಹೀಗೆ ಸಂವೇದಕಗಳನ್ನು ಹುಡುಕುವಾಗ, ಅದೇ ತಂತಿಜಾಲದ ಮೇಲಿದ್ದ ಆಟ್ಮೆಲ್ 24ಆರ್‌ಎಫ್08 ಎಂಬ ಸ್ಮೃತಿ ಚಿಪ್ಪಿನ ಮಾಹಿತಿ ಕೆಟ್ಟುಹೋಗಿ ಗಣಕಗಳು ಮತ್ತೆ ಚಾಲೂ ಆಗದ ಸ್ಥಿತಿಗೆ ಬಂದಿದ್ದವು. ಉಷ್ಣಾಂಶ ನೋಡಹೋಗಿ ಯಂತ್ರವನ್ನೇ ಕಳೆದುಕೊಂಡ ಪ್ರಸಂಗವಿದು. ಆ ಬಳಿಕ ಐಬಿಎಂ ಯಂತ್ರವೆಂದು ಗೊತ್ತಾದರೆ ಚಾಲಕ ತಂತ್ರಾಂಶವೇ ಹಿಂದೆ ಸರಿಯುವಂತೆ ಮಾಡಲಾಯಿತು. ಹುಡುಕುವ ವಿಧಾನವನ್ನೂ ತಿದ್ದಲಾಯಿತು. ಈಗ ಅಂಥ ಭಯವಿಲ್ಲವಾದರೂ 'ಇದು ಅಪಾಯಕಾರಿಯಾಗಬಹುದು' ಎಂದು ತಂತ್ರಾಂಶವೇ ಹೇಳುತ್ತಿರುವಾಗ ಕುತೂಹಲಕ್ಕಾಗಿ 'ಎಸ್' ಎನ್ನಬೇಕಾಗಿಲ್ಲ.

ಅಂಕಿ ಹುಟ್ಟುವ ಬಗೆ

ಮೊದಮೊದಲು ಪ್ರೊಸೆಸರಿನ ಸಾಕೆಟ್ಟಿನ ಕೆಳಗೆ ಒಂದು ಥರ್ಮಿಸ್ಟರನ್ನು ಇಟ್ಟು ಅದರಿಂದ ಉಷ್ಣಾಂಶವನ್ನು ಅಂದಾಜು ಮಾಡಲಾಗುತ್ತಿತ್ತು. ಅನಂತರ ಪ್ರೊಸೆಸರಿನ ಸಿಲಿಕಾನಿನೊಳಗೇ ಒಂದು ಡಯೋಡನ್ನು ಸೇರಿಸಿ, ಅದನ್ನು ಮದರ್‌ಬೋರ್ಡಿನ ಚಿಪ್ ಓದುವ ಏರ್ಪಾಡು ಬಂದಿತು. ಇಂಟೆಲ್‌ನ 2006ರ ಕೋರ್ ಸರಣಿಯಿಂದೀಚೆಗೆ ಪ್ರತಿಯೊಂದು ಕೋರ್‌ನೊಳಗೂ ಅಂಕೀಯ ಸಂವೇದಕವಿದ್ದು, ಅದರ ಅಂಕಿಯನ್ನು ಪ್ರೊಸೆಸರೇ ನೇರವಾಗಿ ಒದಗಿಸುತ್ತದೆ. ಇದನ್ನು ಓದುವ ಕೋರ್‌ಟೆಂಪ್ ಚಾಲಕ ಲಿನಕ್ಸ್ ಕರ್ನೆಲ್‌ಗೆ ಸೇರಿದ್ದು 2007ರಲ್ಲಿ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇಂಟೆಲ್‌ನ ಈ ಸಂವೇದಕವು 'ಇಷ್ಟು ಡಿಗ್ರಿ ಬಿಸಿಯಾಗಿದ್ದೇನೆ' ಎಂದು ಹೇಳುವುದಿಲ್ಲ; 'ಮಿತಿಯನ್ನು ಮುಟ್ಟಲು ಇನ್ನು ಇಷ್ಟು ಡಿಗ್ರಿ ಬಾಕಿಯಿದೆ' ಎಂದು ಹೇಳುತ್ತದೆ. ಆ ಮಿತಿಗೆ 'ಟಿಜೆ ಮ್ಯಾಕ್ಸ್' ಎಂದು ಹೆಸರು. ಹಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್. ಸಂವೇದಕವು 38 ಎಂದರೆ ಚಾಲಕ ತಂತ್ರಾಂಶ 100ರಿಂದ 38ನ್ನು ಕಳೆದು 62 ಎಂದು ನಮಗೆ ತೋರಿಸುತ್ತದೆ. ಮಿತಿ ಎಷ್ಟೆಂಬುದು ಸರಿಯಾಗಿ ತಿಳಿದಿದ್ದರೆ ಮಾತ್ರ ಈ 62 ನಿಜ. 2008ರ ನೆಹಾಲೆಮ್ ಪೀಳಿಗೆಯಿಂದ ಈಚೆಗೆ ಪ್ರೊಸೆಸರನ್ನೇ ಕೇಳಿ ಮಿತಿಯನ್ನು ತಿಳಿಯಬಹುದಾಗಿದೆ. ಅದಕ್ಕೂ ಹಿಂದಿನ ಕೋರ್ 2 ಪ್ರೊಸೆಸರುಗಳಲ್ಲಿ ಆ ಸೌಲಭ್ಯವಿರಲಿಲ್ಲ. ಚಾಲಕ ತಂತ್ರಾಂಶವು ಮಾದರಿಯನ್ನು ನೋಡಿ ಊಹಿಸಬೇಕಾಗಿತ್ತು. ಹೀಗೆ ಊಹಿಸಿದಾಗ ಕರ್ನೆಲ್ ದಾಖಲೆಯಲ್ಲಿ 'ಟಿಜೆ ಮ್ಯಾಕ್ಸ್ ಇಷ್ಟೆಂದು ಭಾವಿಸಲಾಗಿದೆ' ಎಂಬ ಸಾಲೂ ಕಾಣಿಸುತ್ತದೆ. ಊಹೆ 15 ಡಿಗ್ರಿ ತಪ್ಪಿದರೆ ಪರದೆಯ ಅಂಕಿಯೂ 15 ಡಿಗ್ರಿ ತಪ್ಪುತ್ತದೆ. ಆದರೆ 'ಬಾಕಿ 38' ಎಂಬುದು ಆಗಲೂ ಹಾಗೆಯೇ ಇರುತ್ತದೆ. ಕೋರ್ 2 ಯಂತ್ರಗಳಿಗೆ ಲಿನಕ್ಸ್ ಹಾಕಿ ಇಂದಿಗೂ ಬಳಸುತ್ತಿರುವವರು ಉಷ್ಣಾಂಶಕ್ಕಿಂತ ಈ ಬಾಕಿಯನ್ನೇ ನಂಬುವುದು ಮೇಲು.

ಈ ಸಂವೇದಕಗಳನ್ನು ರೂಪಿಸಿರುವುದು ಮಿತಿಯ ಸಮೀಪದಲ್ಲಿ ಎಚ್ಚರಿಸಲೆಂದು. ಆದ್ದರಿಂದ 90ರ ಆಸುಪಾಸಿನಲ್ಲಿ ಅವುಗಳ ಮಾತು ಹೆಚ್ಚು ನಂಬಲರ್ಹ. ಗಣಕ ಸುಮ್ಮನಿರುವಾಗ ತೋರುವ 35, 40ರ ಅಂಕಿಗಳು ಅಷ್ಟು ನಿಖರವಲ್ಲ. ಸುಮ್ಮನಿರುವ ಗಣಕದಲ್ಲಿ ಒಂದು ಕೋರ್ 36, ಇನ್ನೊಂದು 42 ತೋರಿಸಿದರೆ ಅದಕ್ಕೆ ಕಾರಣ ಹುಡುಕುತ್ತ ಕೂರಬೇಕಾಗಿಲ್ಲ.

ಎಎಂಡಿಯ ಕಥೆ ಬೇರೆ. ಅಲ್ಲಿ 'ಟಿ-ಕಂಟ್ರೋಲ್' ಎಂಬರ್ಥದ 'ಟಿಸಿಟಿಎಲ್' ಎಂಬ ಅಂಕಿ ಕಾಣುತ್ತದೆ. ಕರ್ನೆಲ್‌ನ ಅಧಿಕೃತ ವಿವರಣೆಯ ಪ್ರಕಾರ ಇದು ಫ್ಯಾನನ್ನು ನಿಯಂತ್ರಿಸುವುದಕ್ಕಾಗಿ ಇರುವ ಒಂದು ಮಾನ. ಭೌತಿಕ ಉಷ್ಣಾಂಶವೇ ಆಗಿರಬೇಕೆಂದಿಲ್ಲ. 2017ರಲ್ಲಿ ರೈಜನ್ ಪ್ರೊಸೆಸರುಗಳು ಮಾರುಕಟ್ಟೆಗೆ ಬಂದಾಗ ಇದು ದೊಡ್ಡ ಗೊಂದಲಕ್ಕೆ ಎಡೆಮಾಡಿತು. ರೈಜನ್ 7 1700ಎಕ್ಸ್ ಮತ್ತು 1800ಎಕ್ಸ್ ಮಾದರಿಗಳು ನಿಜವಾದ ಉಷ್ಣಾಂಶಕ್ಕೆ 20 ಡಿಗ್ರಿ ಸೇರಿಸಿ ವರದಿ ಮಾಡುತ್ತಿದ್ದವು. 50 ಇದ್ದದ್ದು 70 ಎಂದು ಕಾಣುತ್ತಿತ್ತು. ಫ್ಯಾನುಗಳು ಎಲ್ಲ ಮಾದರಿಗಳಲ್ಲೂ ಒಂದೇ ರೀತಿ ವರ್ತಿಸಲೆಂದು ಸಂಸ್ಥೆ ಬೇಕೆಂದೇ ಮಾಡಿದ್ದ ಏರ್ಪಾಡು ಅದು. ಮೊದಲ ಪೀಳಿಗೆಯ ಥ್ರೆಡ್‌ರಿಪ್ಪರ್‌ಗಳಲ್ಲಿ ಈ ವ್ಯತ್ಯಾಸ 27 ಡಿಗ್ರಿ, 2700ಎಕ್ಸ್‌ನಲ್ಲಿ 10 ಡಿಗ್ರಿ. ಇಂಥ ಮಾದರಿಗಳಲ್ಲಿ 'ಟಿಡೈ' ಎಂಬ ಇನ್ನೊಂದು ಸಾಲೂ ಇರುತ್ತದೆ. ಸಿಲಿಕಾನಿನ ನಿಜವಾದ ಉಷ್ಣಾಂಶಕ್ಕೆ ಅದನ್ನೇ ನೋಡಬೇಕು.

ಇನ್ನು ಮಿತಿಯ ವಿಚಾರ. 70 ಡಿಗ್ರಿ ದಾಟಿದರೆ ಅಪಾಯ ಎಂಬ ಹಳೆಯ ನಂಬಿಕೆ ಈಗಲೂ ಅನೇಕರಲ್ಲಿದೆ. 2022ರ ರೈಜನ್ 7000 ಸರಣಿಯನ್ನು, ಭಾರಿ ಕೆಲಸದಲ್ಲಿ 95 ಡಿಗ್ರಿಯವರೆಗೆ ಹೋಗಿ ಅಲ್ಲಿಯೇ ನಿಲ್ಲುವಂತೆ ಎಎಂಡಿ ರೂಪಿಸಿದೆ. ಅಂಥ ಪ್ರೊಸೆಸರಿನಲ್ಲಿ ವಿಡಿಯೊ ಸಂಸ್ಕರಣೆಯ ವೇಳೆ 93 ಕಂಡರೆ ಅದು ರೋಗವಲ್ಲ. ಹಳೆಯ, ಮಂದ ಪ್ರೊಸೆಸರೊಂದರಲ್ಲಿ ಪತ್ರ ಬರೆಯುವಾಗಲೇ 80 ಕಂಡರೆ ಅದು ಖಂಡಿತ ರೋಗ.

ನಂಬಬಾರದ ಸಾಲುಗಳು

ಸೆನ್ಸರ್ಸ್ ಆದೇಶ ತೋರಿಸುವ ಎಲ್ಲ ಸಾಲುಗಳೂ ಪ್ರೊಸೆಸರಿಗೆ ಸಂಬಂಧಿಸಿದವಲ್ಲ, ಎಲ್ಲವೂ ಸತ್ಯವೂ ಅಲ್ಲ. 'ಎಸಿಪಿಐಟಿಜೆಡ್' ಎಂಬ ಶೀರ್ಷಿಕೆಯಡಿ ಬರುವುದು ಮದರ್‌ಬೋರ್ಡಿನ ಬಯಾಸ್ ಹೇಳಿದ ಮಾತು. ಹಲವು ಮದರ್‌ಬೋರ್ಡ್‌ಗಳಲ್ಲಿ ಅದು 27.8, 29.8 ಎಂಬ ಎರಡು ಅಂಕಿಗಳನ್ನು ಹಗಲು ರಾತ್ರಿ, ಚಳಿ ಬೇಸಿಗೆ ಎನ್ನದೆ ತೋರಿಸುತ್ತಲೇ ಇರುತ್ತದೆ. ಬಯಾಸ್ ಬರೆದವರು ಅಲ್ಲಿ ಸ್ಥಿರವಾದ ಅಂಕಿಯೊಂದನ್ನು ತುಂಬಿ ಕೈತೊಳೆದುಕೊಂಡಿದ್ದಾರೆ ಅಷ್ಟೆ. ಪರದೆಯ ಮೂಲೆಯಲ್ಲಿ ಉಷ್ಣಾಂಶ ತೋರಿಸುವ ಅಲಂಕಾರಿಕ ತಂತ್ರಾಂಶಗಳು ಕೆಲವೊಮ್ಮೆ ಇದನ್ನೇ ಆರಿಸಿಕೊಂಡು 'ಎಲ್ಲವೂ ತಂಪಾಗಿದೆ' ಎಂದು ವರ್ಷಗಟ್ಟಲೆ ಸುಳ್ಳು ಹೇಳುವುದುಂಟು.

ಹಾಗೆಯೇ ನುವೊಟಾನ್, ಐಟಿಇ ಸಂಸ್ಥೆಗಳ ಚಿಪ್‌ಗಳ ಅಡಿಯಲ್ಲಿ ಮೈನಸ್ 60 ಅಥವಾ 127 ಡಿಗ್ರಿ ಎಂಬಂಥ ವಿಚಿತ್ರ ಅಂಕಿಗಳು ಕಾಣಬಹುದು. ಚಿಪ್ಪಿನ ಆ ಕಾಲಿಗೆ ಮದರ್‌ಬೋರ್ಡಿನಲ್ಲಿ ಯಾವ ಸಂವೇದಕವನ್ನೂ ಜೋಡಿಸಿಲ್ಲ ಎಂಬುದಷ್ಟೇ ಇದರ ಅರ್ಥ.

ಅಂಕಿಯೊಂದು ನಂಬಲರ್ಹವೇ ಎಂದು ಪರೀಕ್ಷಿಸಲು ಸುಲಭದ ಉಪಾಯವಿದೆ. ಗಾಳಿಯಿಂದ ತಂಪಾಗುವ ಪ್ರೊಸೆಸರ್ ಕೋಣೆಗಿಂತ ತಂಪಾಗಿರಲು ಸಾಧ್ಯವೇ ಇಲ್ಲ. ಕೋಣೆ 36 ಡಿಗ್ರಿ ಇರುವಾಗ ಪರದೆ 28 ಎಂದರೆ ಆ ಸಂವೇದಕವೋ ಲೆಕ್ಕವೋ ತಪ್ಪಾಗಿದೆ. ಎರಡನೆಯದಾಗಿ, ಪ್ರೊಸೆಸರಿಗೆ ಭಾರಿ ಕೆಲಸ ಕೊಟ್ಟೊಡನೆ ಅಂಕಿ ಏರಬೇಕು, ನಿಲ್ಲಿಸಿದೊಡನೆ ಇಳಿಯಬೇಕು. ಏರದ ಇಳಿಯದ ಅಂಕಿಯನ್ನು ಕಡೆಗಣಿಸಬೇಕು.

ಮೂಲ ಕಡತಗಳು, ಬಿಎಸ್‌ಡಿ ವ್ಯವಸ್ಥೆಗಳು

ಯುನಿಕ್ಸ್ ಸಂಪ್ರದಾಯಕ್ಕೆ ತಕ್ಕಂತೆ ಈ ಅಂಕಿಗಳೂ ಕಡತಗಳ ರೂಪದಲ್ಲಿಯೇ ದೊರೆಯುತ್ತವೆ. 'ಸಿಸ್' ಕಡತಕೋಶದೊಳಗೆ 'ಕ್ಲಾಸ್', ಅದರೊಳಗೆ 'ಎಚ್‌ಡಬ್ಲ್ಯುಮಾನ್' ಎಂಬಲ್ಲಿಗೆ ಹೋದರೆ ಸಂವೇದಕಗಳ ಕಡತಕೋಶಗಳು ಸಿಗುತ್ತವೆ. ಅವುಗಳಲ್ಲಿರುವ 'ಟೆಂಪ್1_ಇನ್‌ಪುಟ್' ಎಂಬ ಕಡತದಲ್ಲಿ 47000 ಎಂದಿದ್ದರೆ 47 ಡಿಗ್ರಿ ಎಂದು ತಿಳಿಯಬೇಕು. ಡಿಗ್ರಿಯ ಸಾವಿರದಲ್ಲೊಂದು ಪಾಲು ಇಲ್ಲಿನ ಅಳತೆ. ತಾವೇ ಸ್ಕ್ರಿಪ್ಟ್ ಬರೆದುಕೊಳ್ಳುವವರು ಕಡತಕೋಶದ ಕ್ರಮಸಂಖ್ಯೆಯನ್ನು ನಂಬಬಾರದು. ಇಂದು 'ಎಚ್‌ಡಬ್ಲ್ಯುಮಾನ್2' ಆಗಿದ್ದದ್ದು ಗಣಕವನ್ನು ಮತ್ತೆ ಚಾಲೂ ಮಾಡಿದಾಗ 3 ಆಗಿರಬಹುದು. ಒಳಗಿರುವ 'ನೇಮ್' ಕಡತವನ್ನು ಓದಿ, ಅದು ಕೋರ್‌ಟೆಂಪ್ ಅಥವಾ ಕೆ10ಟೆಂಪ್ ಹೌದೇ ಎಂದು ಖಚಿತಪಡಿಸಿಕೊಂಡೇ ಮುಂದುವರಿಯಬೇಕು.

ಫ್ರೀಬಿಎಸ್‌ಡಿಯಲ್ಲಿ ಇಂಟೆಲ್‌ಗೆ 'ಕೋರ್‌ಟೆಂಪ್', ಎಎಂಡಿಗೆ 'ಎಎಂಡಿಟೆಂಪ್' ಎಂಬ ಘಟಕವನ್ನು 'ಕೆಎಲ್‌ಡಿಲೋಡ್' ಆದೇಶದಿಂದ ಸೇರಿಸಿಕೊಂಡು, 'ಸಿಸ್‌ಸಿಟಿಎಲ್ ಡೆವ್.ಸಿಪಿಯು.0.ಟೆಂಪರೇಚರ್' ಎಂದು ಕೇಳಬೇಕು. ಓಪನ್‌ಬಿಎಸ್‌ಡಿಯಲ್ಲಿ 'ಸಿಸ್‌ಸಿಟಿಎಲ್ ಎಚ್‌ಡಬ್ಲ್ಯು.ಸೆನ್ಸರ್ಸ್', ನೆಟ್‌ಬಿಎಸ್‌ಡಿಯಲ್ಲಿ 'ಎನ್ವ್‌ಸ್ಟ್ಯಾಟ್' ಸಾಕು.

ಹೊರೆ ಹೊರಿಸಿ ನೋಡುವುದು

ಒಂದು ಕ್ಷಣದ ಅಂಕಿಗಿಂತ ಅದು ಏರುವ ಪರಿಯೇ ಹೆಚ್ಚು ಮಾತಾಡುತ್ತದೆ. ಒಂದು ಟರ್ಮಿನಲ್ ಕಿಟಕಿಯಲ್ಲಿ 'ವಾಚ್ ಸೆನ್ಸರ್ಸ್' ಎಂದು ಆದೇಶಿಸಿದರೆ ಪ್ರತಿ 2 ಸೆಕೆಂಡಿಗೊಮ್ಮೆ ಅಂಕಿಗಳು ಹೊಸದಾಗುತ್ತವೆ. ಇನ್ನೊಂದು ಕಿಟಕಿಯಲ್ಲಿ 'ಸ್ಟ್ರೆಸ್-ಎನ್‌ಜಿ --ಸಿಪಿಯು 0' ಎಂದರೆ ಎಲ್ಲ ಕೋರ್‌ಗಳಿಗೂ ಪೂರ್ಣ ಹೊರೆ ಬೀಳುತ್ತದೆ. ಈ ತಂತ್ರಾಂಶವನ್ನು ಬೇರೆಯಾಗಿ ಅನುಸ್ಥಾಪಿಸಿಕೊಳ್ಳಬೇಕಾಗುತ್ತದೆ. ತೆರೆದಿರುವ ಕಡತಗಳನ್ನೆಲ್ಲ ಉಳಿಸಿಟ್ಟು ಹದಿನೈದು ನಿಮಿಷ ನೋಡುತ್ತ ಕುಳಿತರೆ ಸಾಕು. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು.

ಹೊರೆ ಬಿದ್ದ ಎರಡು ಮೂರು ಸೆಕೆಂಡುಗಳಲ್ಲಿಯೇ ಅಂಕಿ 40ರಿಂದ 90ಕ್ಕೆ ನೆಗೆದರೆ ಶಾಖವು ಹೀಟ್‌ಸಿಂಕನ್ನು ತಲುಪುತ್ತಲೇ ಇಲ್ಲ ಎಂದು ಸಂಶಯಿಸಬೇಕು. ಥರ್ಮಲ್ ಪೇಸ್ಟ್ ಒಣಗಿರಬಹುದು, ಅಥವಾ ಹೀಟ್‌ಸಿಂಕ್ ಒಂದು ಮೂಲೆಯಲ್ಲಿ ಎದ್ದಿರಬಹುದು. ಇಂಟೆಲ್ ಪ್ರೊಸೆಸರಿನೊಂದಿಗೆ ಬರುವ ಹೀಟ್‌ಸಿಂಕಿನ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಸಡಿಲವಾದರೂ ಹೀಗಾಗುತ್ತದೆ. ಬಲು ಬೇಗ ಬಿಸಿಯಾಗುವ ಈಚಿನ ಶಕ್ತಿಶಾಲಿ ಮಾದರಿಗಳಿಗೆ ಈ ಪರೀಕ್ಷೆ ಅಷ್ಟಾಗಿ ಹೊಂದದು ಎಂಬುದನ್ನೂ ಹೇಳಬೇಕು. ಅಂಕಿ ಮೊದಲು 65ಕ್ಕೆ ಬಂದು, ಬಳಿಕ ನಿಮಿಷಕ್ಕೊಂದು ಡಿಗ್ರಿಯಂತೆ ತೆವಳುತ್ತ ಏರುತ್ತಲೇ ಇದ್ದರೆ ದೋಷವಿರುವುದು ಗಾಳಿಯ ಓಡಾಟದಲ್ಲಿ: ಧೂಳು, ಸೋತ ಫ್ಯಾನ್, ಗೋಡೆಗೆ ಒತ್ತರಿಸಿಟ್ಟ ಕ್ಯಾಬಿನೆಟ್. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳವನ್ನು ತೆಗೆದಿಟ್ಟು ಮತ್ತೆ ನೋಡಿದಾಗ ಅಂಕಿ ಹತ್ತು ಡಿಗ್ರಿ ಇಳಿದರೆ ಅನುಮಾನ ದೃಢವಾಯಿತೆಂದೇ ತಿಳಿಯಬಹುದು.

ಥ್ರಾಟ್ಲಿಂಗ್ ನಡೆದಿದೆಯೇ ಎಂಬುದಕ್ಕೆ ಇಂಟೆಲ್ ಯಂತ್ರಗಳಲ್ಲಿ ನೇರ ಸಾಕ್ಷ್ಯವೇ ಇದೆ. 'ಸಿಸ್' ಕಡತಕೋಶದ 'ಡಿವೈಸಸ್', 'ಸಿಸ್ಟಮ್', 'ಸಿಪಿಯು', 'ಸಿಪಿಯು0', 'ಥರ್ಮಲ್_ಥ್ರಾಟಲ್' ಎಂಬ ಹಾದಿ ಹಿಡಿದು ಹೋದರೆ 'ಕೋರ್_ಥ್ರಾಟಲ್_ಕೌಂಟ್' ಎಂಬ ಕಡತ ಸಿಗುತ್ತದೆ. ಗಣಕ ಚಾಲೂ ಆದಂದಿನಿಂದ ಎಷ್ಟು ಬಾರಿ ಬಿಸಿಯ ಮಿತಿ ತಾಗಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ಸೊನ್ನೆಯಿದ್ದರೆ ಗಣಕದ ಮಂದಗತಿಗೆ ಕಾರಣವನ್ನು ಬೇರೆಡೆ ಹುಡುಕಬೇಕು. ಸಾವಿರಗಳಲ್ಲಿದ್ದರೆ ಹೊಸ ಗಣಕದ ಯೋಚನೆಯನ್ನು ಮುಂದೂಡಿ, ಮೊದಲು ಬ್ರಷ್ ಹಿಡಿಯಬೇಕು. 'ಡಿಮೆಸೇಜ್' ಎಂಬರ್ಥದ 'ಡಿಮೆಸ್ಗ್' ಆದೇಶದಲ್ಲಿಯೂ ಇಂಥ ಎಚ್ಚರಿಕೆಗಳು ಹಿಂದೆ ಧಾರಾಳವಾಗಿ ಕಾಣುತ್ತಿದ್ದವು. ಈಚಿನ ಕರ್ನೆಲ್‌ಗಳು ಕ್ಷಣಿಕ ಥ್ರಾಟ್ಲಿಂಗನ್ನು ಅಲ್ಲಿ ದಾಖಲಿಸುವುದಿಲ್ಲ. ಅಲ್ಲಿ ಏನೂ ಕಾಣಲಿಲ್ಲವೆಂದು ಸಮಾಧಾನಪಡದೆ ಲೆಕ್ಕದ ಕಡತವನ್ನೇ ತೆರೆದು ನೋಡುವುದು ಉತ್ತಮ.

ಗಣಕ ಇದ್ದಕ್ಕಿದ್ದಂತೆ ಆರಿಹೋಗಿದ್ದರೆ, ಮತ್ತೆ ಚಾಲೂ ಮಾಡಿದ ಮೇಲೆ 'ಜರ್ನಲ್‌ಸಿಟಿಎಲ್ -ಕೆ -ಬಿ -1' ಎಂದು ಕೇಳಿ ಹಿಂದಿನ ಬಾರಿಯ ಕರ್ನೆಲ್ ದಾಖಲೆಯ ಕೊನೆಯ ಸಾಲುಗಳನ್ನು ಓದಬೇಕು. ಉಷ್ಣಾಂಶ ಅಪಾಯದ ಮಟ್ಟ ಮುಟ್ಟಿದ್ದರಿಂದ ಗಣಕವನ್ನು ಮುಚ್ಚಲಾಗುತ್ತಿದೆ ಎಂಬ ಸಾಲು ಇದ್ದರೆ ಮುಚ್ಚಿದ್ದು ಕರ್ನೆಲ್. ಪ್ರೊಸೆಸರೇ ತುರ್ತಾಗಿ ವಿದ್ಯುತ್ತನ್ನು ಕಡಿದಿದ್ದರೆ ಬರೆದಿಡಲು ಸಮಯವೇ ಇರುವುದಿಲ್ಲ, ದಾಖಲೆ ಅರ್ಧಕ್ಕೆ ನಿಂತಿರುತ್ತದೆ. ವಿದ್ಯುತ್ ಹೋದಾಗ ಯುಪಿಎಸ್ ಕೈಕೊಟ್ಟರೂ ದಾಖಲೆ ಹೀಗೆಯೇ ಕಾಣುವುದರಿಂದ, ಆಗ ಹೊರೆಯ ಪರೀಕ್ಷೆಯೊಂದೇ ಎರಡನ್ನೂ ಬೇರ್ಪಡಿಸಬಲ್ಲದು.

ಕೋಣೆಯ ಲೆಕ್ಕ

ಹೀಟ್‌ಸಿಂಕ್ ಪ್ರೊಸೆಸರನ್ನು ಕೋಣೆಯ ಉಷ್ಣಾಂಶಕ್ಕಿಂತ ಇಷ್ಟು ಡಿಗ್ರಿ ಮೇಲೆ ಇರಿಸುತ್ತದೆಯೇ ಹೊರತು ಒಂದು ನಿಶ್ಚಿತ ಉಷ್ಣಾಂಶದಲ್ಲಿ ಅಲ್ಲ. ಡಿಸೆಂಬರಿನಲ್ಲಿ 25 ಡಿಗ್ರಿಯ ಕೋಣೆಯಲ್ಲಿ ಪೂರ್ಣ ಹೊರೆಯಡಿ 75 ತೋರಿಸಿದ ಗಣಕ, ಮೇ ತಿಂಗಳಲ್ಲಿ 40 ಡಿಗ್ರಿಯ ಕೋಣೆಯಲ್ಲಿ ಅದೇ ಹೊರೆಗೆ 90ರ ಹತ್ತಿರ ಬರುತ್ತದೆ. ಯಂತ್ರದಲ್ಲಿ ಏನೂ ಕೆಟ್ಟಿರುವುದಿಲ್ಲ. ಬೇಸಿಗೆಯಲ್ಲಿ 40 ದಾಟುವ ಕಲಬುರಗಿ, ರಾಯಚೂರುಗಳ ಓದುಗರಿಗೆ ಇದು ಬರಿಯ ಲೆಕ್ಕದ ಮಾತಲ್ಲ. ಬೆಂಗಳೂರಿನಲ್ಲಿ ಜೋಡಿಸಿ ಪರೀಕ್ಷಿಸಿದ ಗಣಕ ಅಲ್ಲಿ ಹದಿನೈದು ಡಿಗ್ರಿಯ ಅವಕಾಶವನ್ನು ಕಳೆದುಕೊಂಡೇ ಕೆಲಸ ಆರಂಭಿಸುತ್ತದೆ. ಅಂಥ ಊರುಗಳಲ್ಲಿ ಡಿಟಿಪಿ, ವಿಡಿಯೊ ಸಂಕಲನ ಮೊದಲಾದ ಭಾರಿ ಕೆಲಸಕ್ಕೆ ಗಣಕ ಕೊಳ್ಳುವವರು ಪ್ರೊಸೆಸರಿನ ಮೇಲೆ ಸುರಿಯುವ ಹಣದಲ್ಲಿ ಸ್ವಲ್ಪವನ್ನು ದೊಡ್ಡ ಹೀಟ್‌ಸಿಂಕಿಗೆ ಎತ್ತಿಡುವುದು ಜಾಣತನ.

ಧೂಳು ತೆಗೆಯುವಾಗ ಗಣಕದ ಪ್ಲಗ್ಗನ್ನು ಕಿತ್ತು, ಫ್ಯಾನಿನ ರೆಕ್ಕೆಗಳು ತಿರುಗದಂತೆ ಬೆರಳಿನಿಂದ ಹಿಡಿದು, ಮೆದುವಾದ ಬ್ರಷ್ಷಿನಿಂದ ಅಥವಾ ಊದುವ ಯಂತ್ರದಿಂದ ಶುಚಿಗೊಳಿಸಬೇಕು. ಹೀಟ್‌ಸಿಂಕನ್ನು ಬಿಚ್ಚಿದರೆ ಹಳೆಯ ಥರ್ಮಲ್ ಪೇಸ್ಟನ್ನು ಪೂರ್ತಿ ಒರೆಸಿ ಹೊಸದನ್ನು ಹಚ್ಚಲೇಬೇಕು. ಎಲ್‌ಎಂ-ಸೆನ್ಸರ್ಸ್ ಜೊತೆಗೆ ದೊರೆಯುವ 'ಪಿಡಬ್ಲ್ಯುಎಂಕಾನ್ಫಿಗ್', 'ಫ್ಯಾನ್‌ಕಂಟ್ರೋಲ್' ತಂತ್ರಾಂಶಗಳಿಂದ ಫ್ಯಾನಿನ ವೇಗವನ್ನು ನಾವೇ ನಿಗದಿಪಡಿಸಬಹುದಾದರೂ, ಪಿಡಬ್ಲ್ಯುಎಂಕಾನ್ಫಿಗ್ ತನ್ನ ಪರೀಕ್ಷೆಗಾಗಿ ಫ್ಯಾನುಗಳನ್ನು ಕೆಲಕಾಲ ನಿಲ್ಲಿಸುತ್ತದೆ ಎಂಬುದನ್ನು ಮರೆಯಬಾರದು. ಸದ್ದು ಕಡಿಮೆ ಮಾಡುವ ಆಸೆಯಿಂದ ಇದಕ್ಕೆ ಕೈಹಾಕುವವರು ಈಗಾಗಲೇ ಬಿಸಿಯಾಗಿರುವ ಯಂತ್ರದ ಮೇಲೆ ಪ್ರಯೋಗ ಮಾಡದಿರುವುದು ಲೇಸು. ಬಯಾಸ್‌ನಲ್ಲಿರುವ ಫ್ಯಾನ್ ನಿಯಂತ್ರಣವೇ ಹೆಚ್ಚಿನವರಿಗೆ ಸಾಕು.

ಶುಚಿಗೊಳಿಸಿದ ಮೇಲೆ ಅದೇ ಹೊರೆಯನ್ನು ಅಷ್ಟೇ ಹೊತ್ತು ಕೊಟ್ಟು, ಕೊನೆಯ ಉಷ್ಣಾಂಶವನ್ನೂ ಆ ಹೊತ್ತಿನ ಕೋಣೆಯ ಉಷ್ಣಾಂಶವನ್ನೂ ದಿನಾಂಕದೊಂದಿಗೆ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿಡಬಹುದು. ವರ್ಷದ ಬಳಿಕ ಮತ್ತೆ ಅಳೆದಾಗ ಹೋಲಿಸಬೇಕಾದದ್ದು ಈ ಎರಡು ಅಂಕಿಗಳ ನಡುವಣ ಅಂತರವನ್ನು. ಅದು ಐದಾರು ಡಿಗ್ರಿಗಿಂತ ಹೆಚ್ಚು ಬೆಳೆದಿದ್ದರೆ ಮುಚ್ಚಳ ತೆಗೆಯುವ ಕಾಲ ಬಂದಿದೆ.